ಸೋಸಲೆ ಮನೆಯ ತಣ್ಣನೆಯ ಗೀಸರ್

1983ರಲ್ಲಿ ನಂಜನಗೂಡಿನಲ್ಲಿ ನನ್ನದೊಂದು ಸಣ್ಣ ಅಂಗಡಿಯಿತ್ತು. ಪಂಪು, ನಲ್ಲಿ, ಗೀಸರ್ ರಿಪೇರಿ. ಹುಟ್ಟೂರು ಬಿಳಿಗೆರೆ. ಐಟಿಐ ಮುಗಿಸಿ ಹತ್ತು ವರ್ಷ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಂಡು, ಮೇಲಿನವರ ಜೊತೆ ಜಗಳವಾಡಿ ಹೊರಬಿದ್ದವನು ನಾನು. ಆಗ ಗೀಸರ್ ಇದ್ದ ಮನೆಗಳೇ ಅಪರೂಪ. ಟಿ. ನರಸೀಪುರದ ಕಡೆಯವರೂ ನನ್ನನ್ನೇ ಕರೆಸುತ್ತಿದ್ದರು. ಅದರಿಂದ ನನಗೆ ಕೊಂಚ ಕೊಬ್ಬೂ ಇತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಸೋಸಲೆಯ ಶ್ರೀನಿವಾಸಾಚಾರ್ ಮೇಷ್ಟ್ರು ತಮ್ಮ ತಾಯಿಗಾಗಿ ಗೀಸರ್ ಹಾಕಿಸಿದರು. ತಾಯಿ ಪದ್ಮಾವತಮ್ಮನವರಿಗೆ ಎಪ್ಪತ್ತು ದಾಟಿತ್ತು. ಹಿಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ, ಮೈಸೂರಿನ ಆಸ್ಪತ್ರೆಯಿಂದ ಬದುಕಿ ಬಂದದ್ದೇ ಹೆಚ್ಚು. ‘ಇನ್ನು ತಣ್ಣೀರು ಸ್ನಾನ ಮಾಡಿದರೆ ನಾನು ಹೊಣೆಯಲ್ಲ’ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಧನುರ್ಮಾಸ ಬಂತೆಂದರೆ ಆಕೆ ಸೂರ್ಯ ಹುಟ್ಟುವ ಮೊದಲೇ ಮಿಂದು, ಮಡಿಯುಟ್ಟು, ಪೂಜೆಗೆ ಅಣಿಮಾಡಬೇಕು. ಬೇಡವೆಂದರೆ ಕೇಳುವ ಜೀವವಲ್ಲ.

ಇಪ್ಪತ್ತೈದು ಲೀಟರಿನ ಗೀಸರ್. ಓವರ್‌ಹೆಡ್ ಟ್ಯಾಂಕ್ ತಗ್ಗಿನಲ್ಲಿದ್ದುದರಿಂದ ಶವರಿಗೆ ನೀರು ರಭಸವಾಗಿ ಬರಲೆಂದು ಒಂದು ಪುಟ್ಟ ಪಂಪು. ಎಲ್ಲವನ್ನೂ ಕೂರಿಸಿದವನು ನಾನೇ. ಹದಿನೈದು ದಿನಕ್ಕೆ ಮೇಷ್ಟ್ರಿಂದ ಬುಲಾವ್ ಬಂತು: ಅಮ್ಮನ ಸ್ನಾನಕ್ಕೆ ಬಿಸಿನೀರೇ ಬರುತ್ತಿಲ್ಲ, ಕೆಮ್ಮು ಮತ್ತೆ ಶುರುವಾಗಿದೆ.

ಹೋದೆ. ಮಡಿ, ಪೂಜೆ, ನೈವೇದ್ಯ ಮುಗಿಯುವವರೆಗೆ ನನ್ನಂಥವನು ಆ ಮನೆಯ ಹಿಂಭಾಗಕ್ಕೆ ಹೋಗುವಂತಿರಲಿಲ್ಲ. ಬಚ್ಚಲಿಗೆ ಕಾಲಿಟ್ಟಾಗ ಹತ್ತು ಗಂಟೆ. ಥರ್ಮಾಮೀಟರ್ ಹಿಡಿದರೆ ಅರವತ್ತು ಡಿಗ್ರಿ! ಆದರೂ ಥರ್ಮೋಸ್ಟಾಟ್, ಅಂದರೆ ನೀರು ಕಾದ ಕೂಡಲೇ ಕರೆಂಟು ಕಡಿಯುವ ಭಾಗವನ್ನು ಬದಲಿಸಿದೆ. ಮುಂದಿನ ವಾರ ಮತ್ತೆ ದೂರು, ನೀರು ಕಾಯಿಸುವ ಕಾಯಿಲ್ ಬದಲಿಸಿದೆ. ಮೂರನೇ ಸಲ ಪಂಪನ್ನೇ ಬಿಚ್ಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹತ್ತು ಗಂಟೆಗೆ ಎಲ್ಲವೂ ಸರಿ. ಬೆಳಗಿನ ಜಾವ ಐದು ಗಂಟೆಗೆ, ಆಕೆಯ ಸ್ನಾನಕ್ಕೆ, ತಣ್ಣೀರು. ಮುದುಕಿಗೆ ಅರಳುಮರಳು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅಷ್ಟರಲ್ಲಿ ಕೆಮ್ಮಿನ ಜೊತೆ ಜ್ವರವೂ ಕಾಣಿಸಿಕೊಂಡಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ನರಸೀಪುರದ ಅಕ್ಕನ ಮನೆಯಲ್ಲಿ ಉಳಿದು, ಬೆಳಗಿನ ಜಾವ ಸೈಕಲ್ ತುಳಿದು ಸೋಸಲೆಗೆ ಹೋದೆ. ಒಳಗೆ ಹೋಗುವಂತಿಲ್ಲವಲ್ಲ, ಹಿತ್ತಿಲ ಬೇಲಿಯಾಚೆ ನಿಂತೆ. ನಾಲ್ಕೂವರೆಗೆ ಟ್ಯಾಂಕಿಗೆ ನೀರೇರಿಸುವ ಬಾವಿಯ ಮೋಟಾರು ಓಡಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆಲ್ಲ ಬಚ್ಚಲ ಮೋರಿಯಿಂದ ಬಾಳೆಗಿಡದ ಬುಡಕ್ಕೆ ನೀರು ಧಾರಾಳವಾಗಿ ಹರಿಯತೊಡಗಿತು. ಹಬೆಯಾಡುತ್ತಿತ್ತು! ಬೇಲಿಯ ಸಂದಿಯಿಂದ ಕೈ ಒಡ್ಡಿದೆ, ಸುಟ್ಟಿತು.

‘ಅಮ್ಮಾವ್ರೇ, ನಾನು ರಿಪೇರಿ ಬಸಪ್ಪ. ಯಾಕವ್ವಾ ಕಾದ ನೀರ ಚೆಲ್ತಾ ಇದ್ದೀರಿ?’ ಎಂದು ಬೇಲಿಯಿಂದಲೇ ಕೂಗಿದೆ.

ಪದ್ಮಾವತಮ್ಮ ಹಿತ್ತಿಲ ಬಾಗಿಲಿಗೆ ಬಂದರು. ‘ರಾತ್ರಿಯೆಲ್ಲಾ ನಿಂತ ನೀರು ತಂಗಳು ಕಣಪ್ಪಾ. ಅದರಲ್ಲಿ ಮಿಂದು ದೇವರ ಮನೆಗೆ ಹೇಗೆ ಹೋಗ್ಲಿ? ನಲ್ಲೀಲಿ ತಣ್ಣಗೆ ಬಂದ್ಮೇಲೇ ಹೊಸ ನೀರು ಬಂತು ಅಂತ ಗೊತ್ತಾಗೋದು.’

ಅಯ್ಯೋ ಶಿವನೇ! ತಾಯಿ ಏಳುವ ಹೊತ್ತಿಗೆ ನೀರು ಸಿದ್ಧವಿರಲೆಂದು ಮಗ ರಾತ್ರಿಯಿಡೀ ಗೀಸರ್ ಉರಿಸುತ್ತಿದ್ದರು. ಆ ಅಕ್ಕರೆಯೇ ನೀರನ್ನು ತಂಗಳು ಮಾಡುತ್ತಿತ್ತು. ಗೀಸರಿನಲ್ಲಿ ಮೇಲಿನಿಂದ ಬಿಸಿನೀರು ಹೊರಟಷ್ಟೂ ಕೆಳಗಿನಿಂದ ತಣ್ಣೀರು ತುಂಬಿಕೊಳ್ಳುತ್ತದೆ. ಆಕೆ ಆ ತಣ್ಣೀರನ್ನೇ ಮೈಮೇಲೆ ಸುರಿದುಕೊಳ್ಳುತ್ತಿದ್ದರು. ಹತ್ತು ಗಂಟೆಗೆ ನಾನು ಹೋಗುವಷ್ಟರಲ್ಲಿ ಅದು ಮತ್ತೆ ಕಾದಿರುತ್ತಿತ್ತು.

‘ಈಗ ತುಂಬಿರೋದು ಹೊಸ ನೀರೇ ತಾನೇ? ಮೂವತ್ತೈದು ನಿಮಿಷ ತಡೀರಿ. ಗೀಸರಿನ ಕೆಂಪು ಬಲ್ಬು ಆರಿದ ಮೇಲೆ ಮೀಯಿರಿ. ರಾತ್ರಿ ಸ್ವಿಚ್ ಹಾಕಿಸ್ಬೇಡಿ, ಹೊಸ ನೀರು ತುಂಬಿದ ಮೇಲೆ ನೀವೇ ಹಾಕ್ಕೊಳಿ’ ಎಂದೆ.

‘ಕಾಯ್ಸಿದ್ರೆ ಮಡಿಗೇನೂ ಅಡ್ಡಿಯಿಲ್ಲ’ ಎಂದು ಒಪ್ಪಿದರು. ಆಮೇಲೆ ದನಿ ತಗ್ಗಿಸಿ, ‘ಶ್ರೀನಿವಾಸಂಗೆ ಹೇಳ್ಬೇಡಪ್ಪಾ. ಆಸೆಯಿಂದ ಹಾಕ್ಸಿದಾನೆ, ನೊಂದ್ಕೋತಾನೆ’ ಎಂದರು.

ಮಾತಿನ ಸದ್ದಿಗೆ ಮೇಷ್ಟ್ರು ಎದ್ದು ಬಂದರು. ‘ತಪ್ಪು ನಂದೇ ಸಾ. ರಾತ್ರಿಯೆಲ್ಲಾ ಉರಿಸ್ಬಾರ್ದು ಅಂತ ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ’ ಎಂದುಬಿಟ್ಟೆ. ಹುಟ್ಟಿದಾಗಿನಿಂದ ನಾನು ಇನ್ನೊಬ್ಬರ ತಪ್ಪು ಹೊತ್ತವನಲ್ಲ. ಅದು ಹೇಗೆ ಬಾಯಿಗೆ ಬಂತೋ ಕಾಣೆ.

ಮೇಷ್ಟ್ರು ಕೆಂಡವಾದರು. ‘ಏನ್ರೀ ಬಸಪ್ಪ, ನಮ್ಮಮ್ಮನ ಪ್ರಾಣದ ಜೊತೆ ಆಟ ಆಡ್ತೀರಾ? ಗೊತ್ತಿಲ್ದಿದ್ರೆ ಅಂಗಡಿ ಮುಚ್ಕೊಂಡು ಹೋಗ್ರೀ!’

ತಲೆ ತಗ್ಗಿಸಿ ನಿಂತೆ. ಪದ್ಮಾವತಮ್ಮನವರಿಗೆ ತಡೆಯಲಾಗಲಿಲ್ಲ. ‘ಅವನನ್ನ ಬೈಬೇಡ ಕಣೋ. ನೀನು ಕಾಯ್ಸಿಟ್ಟ ನೀರನ್ನ ದಿನಾ ಚೆಲ್ಲಿದವಳು ನಾನು’ ಎಂದು ಎಲ್ಲವನ್ನೂ ಹೇಳಿದರು.

ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತರು. ‘ಮೊದಲೇ ನನಗೆ ಹೇಳಬಾರದಿತ್ತೇನಮ್ಮಾ?’

‘ಗೀಸರ್ ಸರಿ ಇದೆಯಾ ಅಂತ ದಿನಾ ಕೇಳಿದೆ ನೀನು. ನೀನು ಹೇಗೆ ಸ್ನಾನ ಮಾಡ್ತೀಯಮ್ಮಾ ಅಂತ ಒಂದಿನಾನೂ ಕೇಳ್ಲಿಲ್ವಲ್ಲೋ.’

ಅರ್ಧ ಗಂಟೆ ಕಳೆದಿರಬೇಕು. ಬಲ್ಬು ಆರಿತು. ಪದ್ಮಾವತಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೇಷ್ಟ್ರು ಕಣ್ಣೊರೆಸಿಕೊಂಡು, ‘ಕಾಫಿ ಕುಡ್ಕೊಂಡು ಹೋಗಿ ಬಸಪ್ಪ’ ಎಂದರು.

ಆಕೆಯ ಮಾತು ಮಗನಿಗೆ ಆಡಿದ್ದು, ತಾಗಿದ್ದು ನನಗೂ. ಮೂರು ಸಲ ಆ ಮನೆಗೆ ಹೋಗಿ ಪ್ರತಿಯೊಂದು ನಟ್ಟು ಬೋಲ್ಟನ್ನೂ ವಿಚಾರಿಸಿದವನು, ಆ ನೀರಲ್ಲಿ ಮೀಯುವ ಜೀವವನ್ನು ಒಂದೇ ಒಂದು ಸಲವೂ ಮಾತಾಡಿಸಿರಲಿಲ್ಲ. ಅಲ್ಲಿಂದಾಚೆಗೆ ಯಾವ ಮನೆಗೆ ಹೋದರೂ ಮೊದಲು ಮಾತು, ಆಮೇಲೆ ಸ್ಪ್ಯಾನರ್.