ಬೆಳಗಿನ ಬಸ್ಸಿಗೆ ಕೊಟ್ಟ ಸುದ್ದಿ

ಸಾರ್ವಜನಿಕ ಸಂಪರ್ಕಾಧಿಕಾರಿ ಎಂಬ ದೊಡ್ಡ ಹೆಸರಿನ ಹುದ್ದೆ ನನಗೆ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ. ರಾಯಚೂರಿನ ಹತ್ತಿಬೀಜದ ಎಣ್ಣೆ ಕಂಪನಿಯೊಂದರಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಸಂಪರ್ಕಾಧಿಕಾರಿಯ ಕುರ್ಚಿಯಲ್ಲಿದ್ದವರು ಬೊಂಬಾಯಿಯಿಂದ ಬಂದವರು. ಅವರು ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಕನ್ನಡ ಮಾಡಿ ಪತ್ರಿಕೆಗೆ ಕಳಿಸಬೇಕಿತ್ತು. ಒಂದು ಏಪ್ರಿಲ್‌ನಲ್ಲಿ ರಜೆಗೆಂದು ಹೋದವರು ತಿರುಗಿ ಬರಲಿಲ್ಲ. ರಾಯಚೂರಿನ ಬಿಸಿಲು ಹೀಗೆ ಎಷ್ಟು ಜನರಿಗೆ ಬಡ್ತಿ ಕೊಡಿಸಿದೆಯೋ ಗೊತ್ತಿಲ್ಲ, ನನಗಂತೂ ಕೊಡಿಸಿತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಡೀ ಕಚೇರಿಯಲ್ಲಿ ಹೆಂಗಸು ನಾನೊಬ್ಬಳೇ. ಬಾಗಿಲಿಗೆ ಹೊಸ ಫಲಕ ಬಂತು, ಒಳಗೆ ಮಾತ್ರ ಮೊದಲಿನಂತೆ ಖಾಲಿ ಗೋಣಿಚೀಲಗಳೇ ಇದ್ದವು. ನನ್ನ ಚೀಲದಲ್ಲಿ ಕರ್ಚೀಫಿನಲ್ಲಿ ಸುತ್ತಿದ ಒಂದು ತಗಡಿನ ಅಚ್ಚು ಸದಾ ಇರುತ್ತಿತ್ತು. ಅದರಲ್ಲಿದ್ದದ್ದು ನಮ್ಮ ನಿರ್ದೇಶಕರ ಮುಖ. ಪತ್ರಿಕೆಯಲ್ಲಿ ಅವರ ಫೋಟೋ ಬರಬೇಕೆಂದರೆ ಆ ಅಚ್ಚು ಲಕೋಟೆಯ ಜೊತೆ ಹೋಗಬೇಕು, ಮತ್ತೆ ವಾಪಸು ಬರಬೇಕು. ಅದು ಕಳೆದುಹೋದರೆ ಏನು ಗತಿ, ಬೇರೆ ಯಾರದೋ ಸಾವಿನ ಸುದ್ದಿಯ ಪಕ್ಕ ಕೂತುಬಿಟ್ಟರೆ ಏನು ಗತಿ ಎಂದು ಯೋಚಿಸಿ ಯೋಚಿಸಿ ನನಗೆ ಎದೆಯುರಿ ಶುರುವಾಗಿತ್ತು. ಚಿಂತೆ ಮಾಡುವುದರಲ್ಲಿ ನಾನು ಯಾವತ್ತೂ ರಜೆ ತೆಗೆದುಕೊಂಡವಳಲ್ಲ.

ಪತ್ರಿಕೆಗಳು ಇದ್ದದ್ದು ಹುಬ್ಬಳ್ಳಿಯಲ್ಲಿ. ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಲಕೋಟೆ ಕೊಟ್ಟರೆ ಸಂಜೆ ಅಲ್ಲಿನ ಬಸ್ ನಿಲ್ದಾಣದಲ್ಲಿ ಪತ್ರಿಕೆಯವರು ಬಂದು ಒಯ್ಯುತ್ತಿದ್ದರು, ಮರುದಿನ ಅಚ್ಚಾಗುತ್ತಿತ್ತು. ಆ ಬಸ್ಸು ತಪ್ಪಿದರೆ ಸುದ್ದಿ ಹಳಸಿದ ಅನ್ನ. ಹೀಗಾಗಿ ಹನ್ನೊಂದು ಗಂಟೆಗೆ ನಡೆಯಬೇಕಾದ ಸಮಾರಂಭ ನನ್ನ ಕಾಗದದ ಮೇಲೆ ಏಳು ಗಂಟೆಗೇ ಮುಗಿದಿರುತ್ತಿತ್ತು, ಹಾರ, ಭಾಷಣ, ಚಪ್ಪಾಳೆ ಸಹಿತ. ನನಗೆ ಕೆಲಸ ಕಲಿಸಿದವರು ಹಾಗೆಯೇ ಮಾಡುತ್ತಿದ್ದರು, ನಾನೂ ಮಾಡಿದೆ.

ಕಂಡಕ್ಟರಿಗೂ ಇದು ಗೊತ್ತಿತ್ತು.

“ಇವತ್ತೇನು ಉದ್ಘಾಟನಿ ಆತ್ರಿ, ಅಕ್ಕೋರ?”

“ಇನ್ನಾ ಆಗಿಲ್ಲಪ್ಪ, ಹನ್ನೊಂದಕ್ಕ ಅದ.”

“ಹಂಗಂದ್ರ ಭಾಳ ಛಲೋ ಆಗ್ಯಾದ ಬಿಡ್ರಿ.”

ಒಮ್ಮೆ ಕಂಪನಿ ದೇವದುರ್ಗ ತಾಲೂಕಿನ ಒಂದು ಊರಿಗೆ ಬೋರಿಂಗ್ ಹಾಕಿಸಲು ಒಪ್ಪಿತು. ಕೈಪಂಪಿನ ಕೊಳವೆಬಾವಿಗೆ ನಮ್ಮ ಕಡೆ ಬೋರಿಂಗ್ ಎಂದೇ ಹೆಸರು. ಜಾಲಹಳ್ಳಿ ದಾಟಿ ಒಳಗೆ ಹೋದರೆ ಆ ಊರು. ನಮಗೆ ಬರುವ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಅಲ್ಲಿನ ಕೂಲಿಕಾರರ ಕೇರಿಯವರು, ಆದ್ದರಿಂದ ಅವರ ಕೇರಿಯಲ್ಲೇ ಬೋರಿಂಗ್ ಎಂದು ಕಡತದಲ್ಲಿತ್ತು. ಕಡತ ನೋಡಿ ನಾನು ಬರೆದೆ: ಕೇರಿಯಲ್ಲಿ ಬೋರಿಂಗ್ ಉದ್ಘಾಟನೆಯಾಯಿತು, ಕೇರಿಯ ಮಹಿಳೆಯರು ಹೊಸ ನೀರು ಕುಡಿದು ಸಂತಸಪಟ್ಟರು. ನಿರ್ದೇಶಕರೂ ಮ್ಯಾನೇಜರ್ ಸಾಹೇಬರೂ ಜೀಪಿನಲ್ಲಿ ಹೋದರು. ಹೆಣ್ಣುಮಗಳು ಅಷ್ಟು ದೂರ ಯಾಕೆ ಎಂದು ನನ್ನನ್ನು ಬಿಟ್ಟರು. ಹಿಂದಿನ ದಿನವೆಲ್ಲ ನಾನು ನಿರ್ದೇಶಕರ ಇನಿಷಿಯಲ್ಲಿನ ಬಗ್ಗೆ ಚಿಂತಿಸಿದೆ, ಮಳೆ ಬಂದರೆ ಎಂದು ಚಿಂತಿಸಿದೆ, ತಗಡಿನ ಮುಖದ ಬಗ್ಗೆ ಚಿಂತಿಸಿದೆ. ಬೋರಿಂಗ್ ಎಲ್ಲಿದೆ ಎಂದು ಮಾತ್ರ ಚಿಂತಿಸಲಿಲ್ಲ. ಅದು ಎದ್ದು ಓಡಾಡುವ ವಸ್ತುವಲ್ಲವಲ್ಲ.

ಸುದ್ದಿ ಮೂರು ಕಾಲಂ ಬಂತು. ನಿರ್ದೇಶಕರು ನನಗೆ ಚಹಾ ಕುಡಿಸಿದರು.

ಹತ್ತು ಹನ್ನೆರಡು ದಿನಗಳ ನಂತರ ಗೇಟಿನ ಬೇವಿನ ಗಿಡದ ಕೆಳಗೆ ಮೂವರು ಹೆಂಗಸರು ಕೂತಿದ್ದಾರೆ, ಪೇಪರಿಗೆ ಬರೆಯುವವರನ್ನು ಕೇಳುತ್ತಿದ್ದಾರೆ ಎಂದು ವಾಚ್‌ಮನ್ ಹೇಳಿದ. ಹೋದೆ. ಅವರಲ್ಲಿ ಹಿರಿಯಾಕೆ ಸೊಂಟದಿಂದ ಮಡಿಸಿದ ಪತ್ರಿಕೆ ತೆಗೆದಳು.

“ಇದನ್ನ ಬರೆದಾಕಿ ನೀವೇನ್ರಿ, ಅಕ್ಕೋರ?”

“ಹೌದು ಯವ್ವಾ, ನಾನೇ.”

“ನಾವು ನೀರು ಕುಡದು ಖುಷಿ ಆದ್ವಿ ಅಂತ ಬರದೀರಂತ. ಯಾವ ನೀರ್ರಿ ಅದು?”

“ನಿಮ್ಮ ಕೇರ್ಯಾಗಿನ ಬೋರಿಂಗ್ ನೀರು.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. “ಬರ್ರಿ ಹಂಗಾರ, ತೋರಸ್ರಿ,” ಅಂದಳು ಹಿರಿಯಾಕೆ. “ನಮಗೂ ಅದನ್ನ ನೋಡಬೇಕಂತ ಭಾಳ ಆಸಿ ಅದ.”

ಆಮೇಲೆ ತಿಳಿಯಿತು. ಕೊರೆಯುವ ಲಾರಿ ಕೇರಿಯ ಸಂದಿಯೊಳಗೆ ತಿರುಗಲಿಲ್ಲವಂತೆ. ತಿರುಗುವುದು ಯಾರಿಗೂ ಬೇಕಾಗಿರಲೂ ಇಲ್ಲ. ಊರ ಗೌಡರ ಕಣದ ಗೋಡೆಯ ಪಕ್ಕದಲ್ಲೇ ಕೊರೆದು, ಅಲ್ಲೇ ರಿಬ್ಬನ್ ಕತ್ತರಿಸಿ ನಮ್ಮವರು ವಾಪಸು ಬಂದಿದ್ದರು. ಕೇರಿಯವರು ಅದರ ಹಿಡಿಕೆ ಮುಟ್ಟುವಂತಿರಲಿಲ್ಲ. ಊರವರು ಯಾರಾದರೂ ಪಂಪು ಹೊಡೆದು ಕೊಟ್ಟರೆ ಕೊಡ ಹಿಡಿಯಬೇಕು, ಇಲ್ಲದಿದ್ದರೆ ಹಳ್ಳಕ್ಕೆ ಹೋಗಬೇಕು.

“ಅದಕ್ಕೇನೂ ನಾವು ಬಂದಿಲ್ರಿ, ಅದು ನಮಗ ರೂಢಿ ಅದ,” ಅಂದಳು ಆಕೆ. “ಸರ್ಕಾರದ ಬೋರಿಂಗ್ ಪಟ್ಟಿವೊಳಗ ನಮ್ಮ ಕೇರಿ ಹೆಸರಿತ್ತು. ಮೊನ್ನಿ ತಾಲೂಕು ಕಚೇರಿಗಿ ಕೇಳಾಕ ಹೋದ್ರ, ಪೇಪರಿನಾಗ ಬಂದದ, ನಿಮ್ಮ ಕೇರಿಗಿ ಕಂಪನಿಯವ್ರು ಹಾಕ್ಯಾರ, ಹೆಸರು ಹೊಡದು ಹಾಕೀವಿ ಅಂತಂದ್ರು. ನಿಮ್ಮ ಬರವಣಿಗಿ ನಮ್ಮ ಬೋರಿಂಗ್ ನುಂಗಿತು ನೋಡ್ರಿ.”

ನಾನೂ ಮಾನ್ವಿಯ ಅಂಥದ್ದೇ ಒಂದು ಕೇರಿಯವಳು. ನಮ್ಮವ್ವ ಬಾವಿಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು, ನೀರು ಹೊಯ್ಯುವ ಪುಣ್ಯಾತ್ಮರು ಬರಲಿ ಎಂದು ಕಾಯುತ್ತಿದ್ದದ್ದನ್ನು ನೋಡಿ ಬೆಳೆದವಳು. ಕಚೇರಿಯಲ್ಲಿ ಅದನ್ನು ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಆ ಕೇರಿಯಿಂದ ಟೈಪ್‌ರೈಟರ್ ತನಕ ಬಂದು, ಇನ್ನೊಂದು ಕೇರಿಯ ನೀರನ್ನು ನಾಲ್ಕು ಸಾಲಿನಲ್ಲಿ ಕಿತ್ತುಕೊಂಡಿದ್ದೆ.

“ತಿದ್ದಿ ಬರೀತೀನಿ ಯವ್ವಾ.”

“ಬರೀರಿ. ಈ ಸಲ ನೋಡಿ ಬರೀರಿ.”

ಭಾನುವಾರ ಬಸ್ಸು ಹತ್ತಿ ಆ ಊರಿಗೆ ಹೋದೆ. ಹಿರಿಯಾಕೆ ನನ್ನನ್ನು ಕಣದ ಗೋಡೆಯ ಹತ್ತಿರ ಕರೆದೊಯ್ದು, ತಾನು ಹತ್ತು ಹೆಜ್ಜೆ ದೂರ ನಿಂತಳು. ನಾನು ಹಿಡಿಕೆ ಹಿಡಿದು ನಾಲ್ಕು ಸಲ ಒತ್ತಿದೆ. ಕಣದಿಂದ ಒಬ್ಬ ಹಿರಿಯರು ಬಂದರು.

“ಯಾರವ್ವ ನೀನು? ಯಾವೂರಾಕಿ?”

“ಮಾನ್ವಿರಿ.”

“ಮಾನ್ವಿಯಾಗ ಯಾರ ಪೈಕಿ?”

ಈ ಪ್ರಶ್ನೆಗೆ ಹತ್ತು ವರ್ಷಗಳಿಂದ ನಾನು ಬೇರೆ ಬೇರೆ ಉತ್ತರ ತಯಾರು ಮಾಡಿ ಇಟ್ಟುಕೊಂಡಿದ್ದೆ. ಎಲ್ಲವೂ ಒಳ್ಳೆಯ ಉತ್ತರಗಳೇ, ಪತ್ರಿಕಾ ಪ್ರಕಟಣೆಯಂತೆ ನುಣುಪಾಗಿದ್ದವು. ಅವತ್ತು ಒಂದೂ ನೆನಪಾಗಲಿಲ್ಲ. ಯಾವ ಕೇರಿ ಎಂದು ಹೇಳಿಬಿಟ್ಟೆ. ಅವರ ಕಣ್ಣು ನನ್ನ ಮುಖದಿಂದ ನನ್ನ ಕೈಗೆ, ಕೈಯಿಂದ ಹಿಡಿಕೆಗೆ ಇಳಿಯಿತು.

“ಕಂಪನಿಯಾಕಿ ಅಂದ್ರಲ್ಲ ಹುಡುಗ್ರು.”

“ಕಂಪನಿಯಾಕೀನೇ ಹೌದ್ರಿ. ಇದನ್ನ ಹಾಕಿಸಿದ ಕಂಪನಿ.”

ಮತ್ತೆ ನಾಲ್ಕು ಸಲ ಒತ್ತಿದೆ.

ಸೋಮವಾರ ತಿದ್ದುಪಡಿ ಬರೆದು ಮ್ಯಾನೇಜರ್ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಇಟ್ಟರು.

“ತಪ್ಪು ಮಾಡೀವಿ ಅಂತ ತಾನೇ ಪೇಪರಿಗೆ ಕೊಟ್ಟ ಕಂಪನಿ ಎಲ್ಲ್ಯಾರ ನೋಡೀರೇನ್ರಿ ಮೇಡಂ?”

“ಇಲ್ರಿ ಸಾಹೇಬ್ರ. ಯಾರೂ ನೋಡಿಲ್ಲ. ಅದಕ್ಕೇ ಪೇಪರಿನವ್ರು ಖಂಡಿತ ಹಾಕ್ತಾರ್ರಿ.”

“ಚ್ಯಾಷ್ಟಿ ಬ್ಯಾಡ. ಕಂಪನಿ ಹೆಸರು ಕಾಯೋದು ನಿಮ್ಮ ಕೆಲಸ. ಹದಿನೈದು ದಿನ ಸುಮ್ನಿರ್ರಿ, ಮಂದಿ ಮರೀತಾರ.”

“ಮಂದಿ ಮರೀತಾರ್ರಿ. ಆ ಪಟ್ಟಿ ಮರೆಯಂಗಿಲ್ಲ.”

ಕಾಗದ ಅವರ ಡ್ರಾಯರಿಗೆ ಹೋಯಿತು. ನಾನು ಇನ್ನೊಂದು ಪ್ರತಿ ಬರೆದೆ. ಬೋರಿಂಗ್ ಇರುವುದು ಕೇರಿಯಲ್ಲಲ್ಲ, ಕೇರಿಯವರು ಆ ನೀರು ಕುಡಿದಿಲ್ಲ, ಸ್ಥಳ ನೋಡದೆ ಸುದ್ದಿ ಬರೆದವಳು ನಾನು. ಕೆಳಗೆ ಹುದ್ದೆಯ ಜೊತೆ ನನ್ನ ಹೆಸರು. ಅಲ್ಲಿಯವರೆಗೆ ನೂರಾರು ಪ್ರಕಟಣೆ ಬರೆದಿದ್ದರೂ ಒಂದಕ್ಕೂ ನನ್ನ ಹೆಸರು ಇರಲಿಲ್ಲ. ಮೊದಲ ಸಲ ಬಂದದ್ದು ತಪ್ಪೊಪ್ಪಿಗೆಯ ಕೆಳಗೆ.

ಬೆಳಗಿನ ಬಸ್ಸಿನ ಹತ್ತಿರ ನಿಂತಾಗ ಕಂಡಕ್ಟರ್ ಎಂದಿನಂತೆ ಕೇಳಿದ, “ಇವತ್ತೇನು ಉದ್ಘಾಟನಿ ಆಗ್ಯಾದ್ರಿ?”

“ಇವತ್ತು ಆಗಲಾರದ್ದು ಅದಪ್ಪ.”

ಲಕೋಟೆ ಕೊಟ್ಟ ಕೂಡಲೇ ವಾಪಸು ಕೇಳಬೇಕೆನಿಸಿತು. ನೌಕರಿ, ಬಾಡಿಗೆ ಖೋಲಿ, ಅವ್ವನ ದವಾಖಾನೆ, ಎಲ್ಲ ಒಟ್ಟಿಗೆ ನೆನಪಾದವು. ಕೈ ಚಾಚಿಯೂ ಇದ್ದೆ. ಅಷ್ಟರಲ್ಲಿ ಡ್ರೈವರ್ ಬಸ್ಸು ಬಿಟ್ಟ. ನನ್ನ ಧೈರ್ಯದಲ್ಲಿ ಅರ್ಧ ಪಾಲು ಆ ಡ್ರೈವರನದು ಎಂದು ಇವತ್ತಿಗೂ ಒಪ್ಪುತ್ತೇನೆ. ಉಳಿದರ್ಧ ನನ್ನದು, ಅದನ್ನು ಯಾರಿಗೂ ಕೊಡುವುದಿಲ್ಲ.

ಅಚ್ಚಾಯಿತು, ಒಳಪುಟದ ಮೂಲೆಯಲ್ಲಿ. ಕಚೇರಿಯಲ್ಲಿ ಮೂರು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಸಾಹೇಬರು ಕರೆದರು. ಮೇಲಿನವರನ್ನು ಕೇಳದೆ ಪ್ರಕಟಣೆ ಕೊಟ್ಟದ್ದು ತಪ್ಪು, ಅಲ್ಲಿ ಬರೆದದ್ದು ನಿಜವಲ್ಲ ಎಂದು ಬರೆದುಕೊಟ್ಟರೆ ಕುರ್ಚಿ ಉಳಿಯುತ್ತದೆ ಅಂದರು. ಕೇಳದೆ ಕೊಟ್ಟದ್ದನ್ನು ಬೇಕಾದರೆ ಬರೆದುಕೊಡುತ್ತೇನೆ, ಎರಡನೆಯದನ್ನು ಬರೆಯುವುದಿಲ್ಲ ಅಂದೆ. ಬಾಗಿಲ ಫಲಕ ಇಳಿಯಿತು. ನನ್ನನ್ನು ಮಾನ್ವಿಯ ಗೋದಾಮಿಗೆ ಟೈಪಿಸ್ಟ್ ಮಾಡಿ ಹಾಕಿದರು. ನಿರ್ದೇಶಕರ ತಗಡಿನ ಮುಖವನ್ನು ಕರ್ಚೀಫಿನ ಸಮೇತ ಒಪ್ಪಿಸಿ ಬಂದೆ. ಎದೆಯುರಿ ಕಡಿಮೆಯಾಯಿತು.

“ಮ್ಯಾಲ ಹತ್ತಿದಾಕಿ ಕೆಳಗ ಬಂದಿ,” ಅಂದಳು ಅವ್ವ, ರೊಟ್ಟಿ ಬಡಿಯುತ್ತ. ಬಡಿದದ್ದನ್ನು ಹಂಚಿಗೆ ಹಾಕಿ, “ಆ ಕೇರಿಯವ್ರಿಗಿ ಬೋರಿಂಗ್ ಬಂತೇನ?” ಅಂದಳು.

ಎರಡು ವರ್ಷದ ಮೇಲೆ ಕಂಪನಿ ನನ್ನನ್ನು ಮತ್ತೆ ರಾಯಚೂರಿಗೆ ಕರೆಯಿತು. ಮನಸ್ಸು ಕರಗಿ ಅಲ್ಲ. ನನ್ನ ಜಾಗಕ್ಕೆ ಬಂದವರ ಪ್ರಕಟಣೆಗಳಿಗೆ ಹುಬ್ಬಳ್ಳಿಯ ಪತ್ರಿಕೆಯವರು ‘ಇದನ್ನು ಯಾರಾದರೂ ಹೋಗಿ ನೋಡಿದ್ದೀರಾ’ ಎಂದು ಕಾರ್ಡು ಬರೆಯುತ್ತಿದ್ದರಂತೆ. ಆ ಅನುಮಾನ ಹುಟ್ಟಿಸಿದವಳೂ ನಾನೇ, ಅದಕ್ಕೆ ಔಷಧಿಯೂ ನಾನೇ ಆದೆ. ಜೀಪಿನಲ್ಲಿ ನನಗೊಂದು ಸೀಟು ಇರಬೇಕು, ಸುದ್ದಿ ಮರುದಿನದ ಬಸ್ಸಿಗೆ ಹೋಗಬೇಕು ಎಂದೆ. ಗೊಣಗಿದರು, ಒಪ್ಪಿದರು. ಮುಂದಿನ ನನ್ನ ವೃತ್ತಿಯೆಲ್ಲ ನಿಂತದ್ದು ಆ ಸೀಟಿನ ಮೇಲೆ. ಸಾಹೇಬರು ಕೇಳಿದ ಆ ಕಾಗದವನ್ನು ನಾನು ಇವತ್ತಿಗೂ ಬರೆದುಕೊಟ್ಟಿಲ್ಲ.

ಆದರೆ ಅದಕ್ಕಿಂತ ಮೊದಲು, ನಾನು ಇನ್ನೂ ಗೋದಾಮಿನಲ್ಲಿದ್ದಾಗಲೇ, ಆ ಹಿರಿಯಾಕೆ ಹೇಳಿ ಕಳಿಸಿದ್ದಳು. ಮೂಲೆಯ ತಿದ್ದುಪಡಿಯನ್ನು ಕತ್ತರಿಸಿಕೊಂಡು ತಾಲೂಕು ಕಚೇರಿಗೆ ಏಳು ಸಲ ತಿರುಗಿದ ಮೇಲೆ ಕೇರಿಯ ಹೆಸರು ಪಟ್ಟಿಗೆ ಮರಳಿತ್ತಂತೆ. ನಾನು ಹೋದಾಗ ಕೇರಿಯ ನಡುವೆ ಬೋರಿಂಗ್ ನಿಂತಿತ್ತು. ರಿಬ್ಬನ್ ಇರಲಿಲ್ಲ, ಒಂದು ಎಮ್ಮೆ ಇತ್ತು.

“ಹೊಡೀರಿ,” ಅಂದಳು ಆಕೆ. ಹೊಡೆದೆ. ಬೊಗಸೆಯೊಡ್ಡಿ ಕುಡಿದೆ. ಅಕ್ಕಪಕ್ಕದ ಮನೆಗಳವರೆಲ್ಲ ನನ್ನ ಗಂಟಲನ್ನೇ ನೋಡುತ್ತಿದ್ದರು.

“ಹೆಂಗವ್ರಿ ನೀರು?”

“ಸ್ವಲ್ಪ ಸವಳು ಅದಾವ ಯವ್ವಾ, ಉಪ್ಪುಪ್ಪು.”

“ಹೌದು, ಸವಳೇ ಅದಾವ,” ಅಂದಳು ಆಕೆ, ಸಮಾಧಾನದಿಂದ. “ಅದನ್ನೂ ಬರೀರಿ.”

ಹುದ್ದೆ ಇರಲಿಲ್ಲ, ಲೆಟರ್‌ಹೆಡ್ ಇರಲಿಲ್ಲ. ಓದುಗರ ಪತ್ರದ ವಿಭಾಗಕ್ಕೆ ಬರೆದೆ, ಮರುದಿನದ ಬಸ್ಸಿಗೆ ಕೊಟ್ಟೆ. ಕೇರಿಗೆ ಬೋರಿಂಗ್ ಬಂದಿದೆ, ನೀರು ಸ್ವಲ್ಪ ಸವಳು, ಕುಡಿದು ನೋಡಿ ಬರೆಯುತ್ತಿದ್ದೇನೆ.