ಬದುವಿನ ಮೇಲೆ ನಿಂತ ಕೋಣೆ

೨೦೦೬ರಲ್ಲಿ ನಾನು ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಗೆ ಮುಖ ಮಾಡಿದ ಒಂದು ತಗಡಿನ ಶೆಡ್ಡಿನಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿದ್ದೆ. ಚಾಮರಾಜನಗರದಲ್ಲಿ ಐಟಿಐ ಓದಿ, ಮೈಸೂರಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಕಡೆ ಕೆಲವು ವರ್ಷ ದುಡಿದು, ಆಮೇಲೆ ಊರಿಗೆ ಮರಳಿ ಅಂಗಡಿ ಇಟ್ಟವನು. ಲಾರಿಯ ಡೈನಮೋ, ಜೀಪಿನ ಸೆಲ್ಫ್ ಮೋಟಾರು, ಟ್ರ್ಯಾಕ್ಟರಿನ ಹೆಡ್‌ಲೈಟು ನನ್ನ ನಿತ್ಯದ ಕೆಲಸ. ಈಗ ಅಂಗಡಿ ಮುಚ್ಚಿದ್ದೇನೆ. ಆದರೆ ಇಂದಿಗೂ ಮೈಸೂರಿನ ಆಸ್ಪತ್ರೆಯಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಾಗ ನನಗೆ ತಿಳಿಯದೆಯೇ ಹೊಟ್ಟೆ ಒಳಗೆಳೆದುಕೊಳ್ಳುತ್ತೇನೆ. ಅದಕ್ಕೆ ಕಾರಣವಾದ ಒಂದು ದಿನದ ಕೆಲಸವನ್ನು ಇಲ್ಲಿ ಹೇಳುತ್ತೇನೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಕಣ್ಣೆದುರಿಗಿದ್ದೂ ಕಾಣದೆ ಹೋದದ್ದನ್ನೂ ಬಿಡುವುದಿಲ್ಲ.

ಆಗಸ್ಟ್ ತಿಂಗಳು. ನಮ್ಮ ಕಡೆ ಅದು ಚೆಂಡುಹೂವಿನ ಕಾಲ. ಬಣ್ಣ ತೆಗೆಯುವ ಕಾರ್ಖಾನೆಗೆಂದು ಬೆಳೆದ ಹೂವು ರಸ್ತೆಯ ಎರಡೂ ಬದಿ ಅರಳಿ ನಿಂತು, ಕೇರಳದಿಂದ ಬರುವ ಕಾರುಗಳೆಲ್ಲ ಫೋಟೋ ತೆಗೆಯಲು ನಿಲ್ಲುತ್ತವೆ. ಒಂದು ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲು ಎತ್ತುತ್ತಿರುವಾಗಲೇ ಸಿದ್ದರಾಜು ಮೊಪೆಡ್ಡಿನಲ್ಲಿ ಬಂದ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿಯಲ್ಲಿ ಅವನ ಅಕ್ಕ ಸಣ್ಣತಾಯಮ್ಮನಿಗೆ ಹೊಲವಿತ್ತು. ಅಕ್ಕನ ಟ್ರ್ಯಾಕ್ಟರು ಓಡಿಸುವವನು ಇವನೇ.

"ನಂಜುಂಡಣ್ಣ, ಟೂಲ್ಸ್ ಎತ್ಕೊ. ನಮ್ ಹೊಲದ ಓಣಿ ಬಾಯಲ್ಲಿ ಒಂದು ಗಾಡಿ, ಹಸ ಕರು ಈಯ್ದಂಗೆ, ರೂಮ್ ಈಯ್ದ್‌ಬುಟ್ಟು ನಿಂತದೆ."

"ಏನ್ ಈಯ್ದದೆ?"

"ರೂಮು ಕಣಣ್ಣ. ಪಕ್ಕೆಯಿಂದ ಆಚೆ ಬಂದದೆ. ಒಳಕ್ ಓಗ್ತಾ ಇಲ್ಲ."

ಬೆಳಬೆಳಿಗ್ಗೆಯೇ ಕುಡಿದಿದ್ದಾನೆಯೇ ಎಂದು ಹತ್ತಿರ ಹೋಗಿ ಮೂಸಿದೆ. ಕುಡಿದಿರಲಿಲ್ಲ.

ಹೋಗಿ ನೋಡಿದರೆ ಅವನು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಅದು ಮೋಟಾರ್ ಹೋಮ್: ಒಳಗೆ ಅಡಿಗೆ ಮನೆ, ಮಂಚ, ಕಕ್ಕಸು ಎಲ್ಲವೂ ಇರುವ, ಬಸ್ಸಿನಷ್ಟು ಉದ್ದದ ಮನೆ. ಹಾಲೆಂಡಿನ ವಯಸ್ಸಾದ ದಂಪತಿ ಹೆಂಡ್ರಿಕ್ ಮತ್ತು ಮಾರ್ಟಾ ಅದರಲ್ಲಿ ಊರೂರು ಸುತ್ತುತ್ತ ವಯನಾಡಿನ ಕಡೆಯಿಂದ ಬಂದಿದ್ದರು. ಹಿಂದಿನ ಸಂಜೆ, ಹೂವಿನ ಹೊಲ ನೋಡುತ್ತ ಮಲಗೋಣವೆಂದು ಓಣಿಗೆ ಹಿಮ್ಮುಖವಾಗಿ ತಿರುಗಿಸಿ ನಿಲ್ಲಿಸಿದ್ದರು. ಅದು ದಾರಿಯೆಂದು ಅವರಿಗೆ ಗೊತ್ತಾಗಿರಲಿಲ್ಲ. ಆ ಗಾಡಿಯ ಒಂದು ಪಕ್ಕದ ಗೋಡೆ, ಸೋಫಾ ಕಿಟಕಿಗಳ ಸಮೇತ, ಮೇಜಿನ ಡ್ರಾಯರಿನಂತೆ ಹೊರಕ್ಕೆ ಜಾರುತ್ತದೆ. ಅದಕ್ಕೆ ಸ್ಲೈಡ್ ಔಟ್ ಎನ್ನುತ್ತಾರೆ. ಗುಂಡಿ ಒತ್ತಿದರೆ ಕೋಣೆ ಮೂರಡಿ ಅಗಲವಾಗುತ್ತದೆ, ಹೊರಡುವಾಗ ಮತ್ತೆ ಒತ್ತಿದರೆ ಒಳಗೆ ಸೇರುತ್ತದೆ. ರಾತ್ರಿ ಹೊರಗೆ ಬಂದ ಕೋಣೆ ಬೆಳಿಗ್ಗೆ ಒಳಗೆ ಹೋಗಲೊಲ್ಲದು. ಎರಡೂ ಬದಿ ಕಲ್ಲಿನ ಬದುವಿರುವ ಓಣಿ. ಕೋಣೆ ಒಂದು ಬದುವಿನ ನೆತ್ತಿಯ ಮೇಲೆ ಚಾಚಿತ್ತು, ಅದರ ಮುಂದೆಯೇ ಹೊಂಗೆ ಮರ. ಗಾಡಿ ಅಲುಗುವಂತಿರಲಿಲ್ಲ.

ಅಷ್ಟೇ ಆಗಿದ್ದರೆ ಗಾಡಿಯವರ ಕಷ್ಟ ಗಾಡಿಯವರಿಗೆ. ಆದರೆ ಗಾಡಿಯ ಹಿಂದೆ ಸಣ್ಣತಾಯಮ್ಮನ ಟ್ರ್ಯಾಕ್ಟರು ಸಿಕ್ಕಿಕೊಂಡಿತ್ತು. ಟ್ರೇಲರಿನ ತುಂಬ ಹಿಂದಿನ ಸಂಜೆಯೂ ಆ ಮುಂಜಾನೆಯೂ ಕೊಯ್ದ ಹೂವು. ಕೊಯ್ದ ಚೆಂಡುಹೂವನ್ನು ಗುಡ್ಡೆ ಹಾಕಿ ಬಿಟ್ಟರೆ ಒಳಗೊಳಗೇ ಕಾವು ಹಿಡಿದು ಬೇಯುತ್ತದೆ. ಬೆಂದ ಹೂವನ್ನು ಕಾರ್ಖಾನೆಯವರು ತಕ್ಕಡಿಗೂ ಹಾಕುವುದಿಲ್ಲ. ಸಣ್ಣತಾಯಮ್ಮ ಗುಡ್ಡೆಯೊಳಗೆ ಮೊಳಕೈವರೆಗೆ ಕೈ ತೂರಿಸಿ ತೆಗೆದು, ನನ್ನ ಕೆನ್ನೆಗೆ ಹಿಡಿದಳು.

"ನೋಡಪ್ಪ, ಎಂಗ್ ಕಾಯ್ತಾ ಅದೆ. ಮದ್ಯಾನ್ದೊಳ್ಗೆ ಈ ಅರಮನೆ ಇಲ್ಲಿಂದ ಎತ್ತುಸ್ಬುಡು. ಇಲ್ದಿದ್ರೆ ಈ ಹೂವ ನಿನ್ ಅಂಗ್ಡಿ ಮುಂದೇನೆ ಸುರಿಯೋದು."

ಸಿದ್ದರಾಜು ಆಗಲೇ ಹೆಂಡ್ರಿಕ್‌ನ ಹತ್ತಿರ ಮಲಯಾಳದಲ್ಲಿ ಏನೋ ಕೇಳುತ್ತಿದ್ದ. ಯಾಕಪ್ಪ ಎಂದರೆ, "ಕೇರಳದಿಂದ ಬಂದೋರಲ್ವಾ?" ಎಂದ. ಹೆಂಡ್ರಿಕ್ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ನನ್ನ ಇಂಗ್ಲಿಷು ಗ್ಯಾರೇಜಿನ ಇಂಗ್ಲಿಷು: ಪ್ಲಸ್, ಮೈನಸ್, ಗುಡ್, ನಾಟ್ ಗುಡ್. ಅವನ ಇಂಗ್ಲಿಷೂ ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ ನಮ್ಮಿಬ್ಬರಿಗೂ ಹೊಂದಿಕೊಂಡಿತು.

ಕೆಲಸ ಶುರು ಮಾಡುವ ಮುಂಚೆ, ವಾಡಿಕೆಯಂತೆ, ಸುತ್ತ ನಿಂತಿದ್ದ ಕೂಲಿಯವರನ್ನೂ ಸಣ್ಣತಾಯಮ್ಮನನ್ನೂ ಕೇಳಿದೆ. "ಗಾಡೀನ ಯಾರಾದ್ರೂ ಮುಟ್ಟಿ ಕೆಡಿಸಿದ್ರಾ? ನಿಜ ಹೇಳಿ."

"ನಾವ್ಯಾಕಪ್ಪ ಮುಟ್ಟವು? ನಮ್ಗೇನ್ ಬ್ಯಾರೆ ಕ್ಯಾಮೆ ಇಲ್ವಾ?" ಎಂದಳು ಸಣ್ಣತಾಯಮ್ಮ. ಉಳಿದವರೂ ಅದನ್ನೇ ಹೇಳಿದರು.

ಈ ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ಕೋಣೆಯ ಅಡಿಯಲ್ಲಿ ಹಲ್ಲುಗಳಿರುವ ಎರಡು ಉಕ್ಕಿನ ಪಟ್ಟಿಗಳಿರುತ್ತವೆ. ಹನ್ನೆರಡು ವೋಲ್ಟಿನ ಮೋಟಾರು ಗೇರು ತಿರುಗಿಸಿ ಆ ಪಟ್ಟಿಗಳನ್ನು ಎಳೆಯುತ್ತದೆ. ಬ್ಯಾಟರಿಗೂ ಮೋಟಾರಿಗೂ ನಡುವೆ ಒಂದು ಬ್ರೇಕರ್. ಮೋಟಾರಿಗೆ ಭಾರ ಹೆಚ್ಚಾದರೆ ಅದು ಟಿಕ್ಕೆಂದು ಕರೆಂಟು ಕಡಿಯುತ್ತದೆ. ತುಸು ತಣ್ಣಗಾದ ಮೇಲೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಹೆಂಡ್ರಿಕ್ ಗುಂಡಿ ಒತ್ತಿದ. ಮೋಟಾರು ಮುಲುಗಿತು, ಕೋಣೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ, ಬ್ರೇಕರ್ ಟಿಕ್ಕೆಂದಿತು.

ಬ್ಯಾಟರಿ ನೋಡಿದೆ, ಸರಿಯಿತ್ತು. ಅರ್ತ್ ತಂತಿ ಬಿಚ್ಚಿ ಉಜ್ಜಿ ಹಾಕಿದೆ. ಮೋಟಾರನ್ನು ಗೇರಿನಿಂದ ಬಿಡಿಸಿ ಓಡಿಸಿದರೆ ದುಂಬಿಯ ಹಾಗೆ ಓಡಿತು. ಮತ್ತೆ ಜೋಡಿಸಿದರೆ ಟಿಕ್. ಕೈಯಲ್ಲಿ ತಿರುಗಿಸಲು ಒಂದು ಹ್ಯಾಂಡಲು ಕೊಟ್ಟಿದ್ದರು. ಸಿದ್ದರಾಜು ಅದಕ್ಕೆ ಜೋತುಬಿದ್ದು ತಿರುಗಿಸಿದ. ಕೋಣೆಯ ಬದಲು ಹ್ಯಾಂಡಲು ಬಗ್ಗಿತು. ಮಾರ್ಟಾ ಬಿಸ್ಕತ್ತು, ಕರಿ ಟೀ ತಂದುಕೊಟ್ಟಳು. ಅಷ್ಟು ಹೊತ್ತಿಗೆ ಕೂಲಿ ಹೆಂಗಸರು ಅವಳ ಬಿಳಿ ಕೂದಲಿಗೆ ಎರಡು ಚೆಂಡುಹೂ ಸಿಕ್ಕಿಸಿಬಿಟ್ಟಿದ್ದರು. ನಾನು ಕೋಣೆಯ ನೆರಳಿನಲ್ಲಿ ಬದುವಿನ ಕಲ್ಲಿಗೆ ಒರಗಿ ಟೀ ಕುಡಿಯುತ್ತ, ತಪ್ಪು ಎಲ್ಲಿರಬಹುದು ಎಂದು ದೀರ್ಘವಾಗಿ ಯೋಚಿಸಿದೆ. ಬೆನ್ನಿಗೆ ಕಲ್ಲು ತಂಪಾಗಿತ್ತು. ಈ ವಿಷಯ ನೆನಪಿರಲಿ.

ಯೋಚಿಸಿ ಯೋಚಿಸಿ ನಮ್ಮ ಪೇಟೆಯ ಮದ್ದಿಗೇ ಬಂದು ನಿಂತೆ. ಫ್ಯೂಸು ಮತ್ತೆ ಮತ್ತೆ ಹೋದರೆ ದಪ್ಪನೆಯ ತಾಮ್ರದ ತಂತಿ ಕಟ್ಟಿ 'ಡೈರೆಕ್ಟ್' ಕೊಡುವುದು. ಅಲ್ಲಿಗೆ ಕಡಿಯುವವನೇ ಇರುವುದಿಲ್ಲ. ಗಾಡಿ ಓಡಬೇಕು, ಇಲ್ಲವೇ ಸುಡಬೇಕು. ಹಾಗೆ ಎಷ್ಟೋ ಲಾರಿಗಳನ್ನು ದಿಂಬಂ ಘಾಟಿ ಇಳಿಸಿದ್ದೆ. ತಂತಿ ಸುಲಿದು ಬ್ರೇಕರಿನ ಎರಡು ತುದಿಗೆ ಹಿಡಿಯುವುದರಲ್ಲಿದ್ದೆ. ಹೆಂಡ್ರಿಕ್ ನೋಡಿ, ಮೊದಲ ಸಲ ದನಿ ಎತ್ತಿ, "ನೋ" ಎಂದ. ತಂತಿಯನ್ನು ನನ್ನ ಕೈಯಿಂದ ಬಿಡಿಸಿ ತನ್ನ ಜೇಬಿಗೆ ಹಾಕಿಕೊಂಡ. ನನಗೆ ಸಿಟ್ಟು ಬಂತು.

"ಅವ್ನ್ ಯಾಕಂತೆ ಬ್ಯಾಡ ಅನ್ನೋದು?" ಎಂದು ಸಣ್ಣತಾಯಮ್ಮ ಕೇಳಿದಳು.

"ಸುಟ್ಟೋಗ್ತದಂತೆ."

"ನನ್ ಹೂವ ಸುಡ್ತಾ ಇರದು ಕಾಣಲ್ವಂತಾ?"

ಬಿಸಿಲು ಏರಿತ್ತು. ಅವಳು ಹೆಂಗಸರನ್ನು ಟ್ರೇಲರು ಹತ್ತಿಸಿ ಹೂವು ಕೆದಕಿಸತೊಡಗಿದಳು. ಗುಡ್ಡೆಯ ನಡುವಿನಿಂದ ಆವಿ ಏಳುವುದು ನನಗೂ ಕಾಣುತ್ತಿತ್ತು. ಉಳಿದಿದ್ದು ಒಂದೇ ಅನುಮಾನ: ಒಳಗಡೆ, ಕೋಣೆಯ ನೆಲದ ಅಂಚಿನಡಿ ಇರುವ ಉರುಳೆ ಮುರಿದಿರಬೇಕು. ಅದನ್ನು ನೋಡಬೇಕಾದರೆ, ಜಾರುವ ಸೋಫಾಕ್ಕೂ ಜಾರದ ಅಡಿಗೆ ಕಟ್ಟೆಗೂ ನಡುವಿನ ನೆಲದಲ್ಲಿ ಮಗ್ಗುಲಾಗಿ ಮಲಗಿ, ಯಾರಾದರೂ ಗುಂಡಿ ಒತ್ತುವಾಗ ಅದರ ಮೇಲೆ ಕಣ್ಣಿಡಬೇಕು. ಹೆಂಡ್ರಿಕ್‌ಗೆ ಹೀಗೆ ಹೇಳಿದೆ: ನೀನು ಬಾಗಿಲ ಮೆಟ್ಟಿಲ ಮೇಲೆ ನಿಲ್ಲು. ಒಂದು ಕೈ ಒಳಗೆ ಚಾಚಿ ಗುಂಡಿ ಒತ್ತು. ಕಣ್ಣು ಹೊರಗಿನ ಗೋಡೆಯ ಮೇಲಿರಲಿ. ನಾನು ಸ್ಟಾಪ್ ಎಂದರೆ ಸ್ಟಾಪ್. ಅವನು "ಸ್ಟಾಪ್, ಸ್ಟಾಪ್" ಎಂದು ಎರಡು ಸಲ ಒಪ್ಪಿಕೊಂಡ.

ಒಳಗೆ ಹೋಗಿ ಮಲಗಿದೆ. ಒಂದು ಕೈಯಲ್ಲಿ ಉರುಳೆಯನ್ನು ಮುಚ್ಚಿದ ರಬ್ಬರ್ ಪಟ್ಟಿ ಎತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ಸ್ಕ್ರೂಡ್ರೈವರು. ಬೆಳಕಿಗೆ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡೆ. ಕಾಲಿನಿಂದ ನೆಲಕ್ಕೆ ಗುದ್ದಿ, ಒತ್ತು ಎಂದು ಸನ್ನೆ ಕೊಟ್ಟೆ.

ಮೋಟಾರು ಮುಲುಗಿತು. ಬೆಳಿಗ್ಗೆಯಿಂದ ಕೇಳಿದ ಅದೇ ಮುಲುಕು. ಆಮೇಲೆ ಹೊರಗಿನಿಂದ ಗುಡುಗುಡು ಎಂದು ಏನೋ ಉರುಳಿದ ಸದ್ದು. ಕೋಣೆ ಒಮ್ಮೆ ಕುಲುಕಿ, ಪಳಗಿದ ಎತ್ತಿನ ಹಾಗೆ ಸಲೀಸಾಗಿ ನನ್ನ ಕಡೆಗೆ ನಡೆದು ಬಂತು.

ಮೊದಲು ಸಂತೋಷವಾಯಿತು ಎಂದು ಬರೆಯಲೇಬೇಕು. ಸರಿಹೋಯಿತಲ್ಲ ಎಂದುಕೊಂಡೆ. ಆ ಸಂತೋಷ ಮುಗಿಯುವ ಮುಂಚೆ ಸೋಫಾದ ಬುಡ ನನ್ನ ಎದೆಗೆ ತಾಗಿತು. ಬೆನ್ನು ಅಡಿಗೆ ಕಟ್ಟೆಯ ಬೀರುವಿಗೆ ಒತ್ತಿತು. ಬೀರುವಿನ ಹಿಡಿ ಸರಿಯಾಗಿ ಪಕ್ಕೆಲುಬಿಗೆ ಬಂತು. ಸ್ಟಾಪ್ ಎಂದು ಕೂಗಲು ಬಾಯಲ್ಲಿ ಟಾರ್ಚು. ಉಗುಳಲು ಹೋದರೆ ಅದರ ತಲೆ ಸೋಫಾಕ್ಕೆ ತಾಗಿ ಬಾಯೊಳಕ್ಕೇ ಮರಳುತ್ತಿತ್ತು. ಕೈಗಳು ಎರಡೂ ಅಡಿಯಲ್ಲಿ ಸಿಕ್ಕಿದ್ದವು. ಹೆಂಡ್ರಿಕ್ ನಾನು ಹೇಳಿಕೊಟ್ಟ ಹಾಗೆಯೇ ಕಣ್ಣನ್ನು ಹೊರಗಿನ ಗೋಡೆಯ ಮೇಲಿಟ್ಟು, "ಗುಡ್! ಗುಡ್!" ಎನ್ನುತ್ತಿದ್ದ.

ಟಿಕ್.

ಬೆಳಿಗ್ಗೆಯಿಂದ ನಾನು ಬೈದ ಬ್ರೇಕರು. ನನ್ನ ಪಕ್ಕೆಲುಬಿನ ಭಾರಕ್ಕೆ ಕರೆಂಟು ಕಡಿಯಿತು, ಕೋಣೆ ನಿಂತಿತು. ಆದರೆ ಅದು ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆಂದು ಆ ಗಾಡಿಯ ಸುತ್ತಮುತ್ತ ಬಲ್ಲವನು ನಾನೊಬ್ಬನೇ. ಹೆಂಡ್ರಿಕ್ ಬೆರಳು ತೆಗೆದಿಲ್ಲವೆಂದೂ ಗೊತ್ತಿತ್ತು. ಕೂಡಿಕೊಂಡಿತು. ಹಿಡಿ ಇನ್ನಷ್ಟು ಒಳಕ್ಕೆ ಇಳಿಯಿತು. ಟಿಕ್. ಬಿಡುವಿದ್ದ ಕಾಲುಗಳಲ್ಲಿ ನೆಲಕ್ಕೆ ಪಟಪಟ ಬಡಿದೆ. ಒತ್ತು ಎನ್ನುವುದಕ್ಕೆ ನಾನು ಕೊಟ್ಟಿದ್ದ ಸನ್ನೆಯೂ ಅದೇ ಎಂದು ಹೊಳೆದಿದ್ದು ಆಮೇಲೆ.

ಆಗ ಬಾಗಿಲಲ್ಲಿ ಸಣ್ಣತಾಯಮ್ಮನ ದನಿ ಕೇಳಿತು. "ಹಂಗೇ ಎಳೀರಪ್ಪ, ಬತ್ತಾ ಅದೆ..." ಎನ್ನುತ್ತ ಬಂದವಳು ಬಡಿಯುತ್ತಿದ್ದ ಎರಡು ಕಾಲು ಕಂಡಳು.

"ಅಯ್ಯೋ ನಿನ್ ಮನೆ ಕಾಯೋಗ! ತೆಗಿಯೋ ಕೈಯ! ಒಳ್ಗೆ ಮನ್ಸ ಅವ್ನೆ!"

ಹಾಗೆನ್ನುತ್ತಲೇ ಹೆಂಡ್ರಿಕ್‌ನ ಕೈಗೆ ಫಟಾರನೆ ಹೊಡೆದಳು. ಅವನಿಗೆ ಕನ್ನಡದ ಒಂದು ಪದವೂ ಬಾರದು. ಇದು ಮಾತ್ರ ಪೂರ್ತಿ ಅರ್ಥವಾಯಿತು. ಗುಂಡಿಯನ್ನು ಹೊರಗಿನ ಕಡೆಗೆ ಒತ್ತಿದ. ಕೋಣೆ ಹಿಂದಕ್ಕೆ ಸರಿಯಿತು. ನಾನು ತೆವಳಿ ಬಂದು ಮೆಟ್ಟಿಲ ಮೇಲೆ ಕುಳಿತೆ. ಟಾರ್ಚು ಇನ್ನೂ ಬಾಯಲ್ಲೇ ಉರಿಯುತ್ತಿತ್ತು. ಅದನ್ನು ಮಾರ್ಟಾ ಬಿಡಿಸಿದಳು.

ಸಿದ್ದರಾಜು ನನ್ನನ್ನು ಎರಡೂ ಮಗ್ಗುಲಿನಿಂದ ನೋಡಿ, "ಚಪ್ಟೆ ಏನೂ ಆಗಿಲ್ಲ ಬುಡಣ್ಣ. ಮೊದ್ಲೂ ಇಂಗೇ ಇದ್ದೆ," ಎಂದ.

ನೀರು ಕುಡಿದು, ದನಿ ಬಂದ ಮೇಲೆ ಕೇಳಿದೆ. "ಅಷ್ಟೊತ್ತೂ ಬರ್ದಿದ್ದ ಕೋಣೆ ಒಂದೇ ಸಲಕ್ಕೆ ಹೆಂಗ್ ಬಂತು?"

"ಕಲ್ ತೆಗುದ್ನಲ್ಲಾ, ಬರ್ದೇ ಏನ್ ಮಾಡದು?" ಎಂದಳು ಸಣ್ಣತಾಯಮ್ಮ.

"ಯಾವ ಕಲ್ಲು?"

ಅವಳು ಬದುವಿನ ಕಡೆ ಕೈ ತೋರಿಸಿದಳು. ನಾನು ಒರಗಿ ಟೀ ಕುಡಿದ ಜಾಗದಲ್ಲಿ ಬದು ಅರ್ಧ ಕುಸಿದಿತ್ತು. ಕತ್ತಲಿರುವಾಗಲೇ ಹೂವು ಕೊಯ್ಯಲು ಬಂದ ಅವಳ ಕಣ್ಣಿಗೆ ಮೊದಲು ಬಿದ್ದದ್ದು, ಅಡಿಯಲ್ಲಿ ಒಂದು ಕಂಬವೂ ಇಲ್ಲದೆ ಗಾಳಿಯಲ್ಲಿ ನಿಂತ ಕೋಣೆ. ಒಳಗೆ ಎರಡು ಮುದಿ ಜೀವ ಮಲಗಿವೆ. ನಮ್ಮ ಕಡೆ ಬಾಗಿದ ಬಾಳೆಗೊನೆಗೂ ಕೋಲಿನ ಆನಿಕೆ ಕೊಟ್ಟೇ ಮುಂದೆ ಹೋಗುತ್ತಾರೆ. ಕೂಲಿಯವರನ್ನು ಕರೆದು, ಸದ್ದು ಮಾಡದೆ, ಬದುವಿನ ಮೇಲೆ ಕಲ್ಲು ಪೇರಿಸಿ, ಕೋಣೆಯ ತಳಕ್ಕೆ ಬಿಗಿಯಾಗಿ ಚಪ್ಪಡಿ ಚೂರುಗಳನ್ನು ಹೊಡೆಸಿದ್ದಳು. ಹೊರತುದಿ ಮೇಲಕ್ಕೆದ್ದು, ಒಳತುದಿ ಕಚ್ಚಿಕೊಂಡಿತ್ತು. ಗಾರೆಯಿಲ್ಲದೆ ಕಲ್ಲು ಕೂರಿಸುವುದು ಅವರ ಮನೆತನಕ್ಕೆ ಕೈಯಲ್ಲೇ ಇದ್ದ ವಿದ್ಯೆ; ಹಳೆಯ ಬದು ಯಾವುದು, ಹೊಸ ಕಲ್ಲು ಯಾವುದು ಎಂದು ಹೇಳುವಂತಿರಲಿಲ್ಲ. ತಗುಲಿದ ಜಾಗವನ್ನು ಕೋಣೆಯ ಅಂಚಿಗೆ ಜೋತುಬಿದ್ದ ರಬ್ಬರು ಮರೆಮಾಡಿತ್ತು. ಹೆಂಡ್ರಿಕ್ ಮೆಟ್ಟಿಲ ಮೇಲೆ ನಿಂತು ಗುಂಡಿ ಒತ್ತುವುದು ಕಂಡು, ರಿಪೇರಿ ಮುಗಿದು ಈಗ ಕೋಣೆ ಎಳೆಯುತ್ತಿದ್ದಾರೆ, ಇನ್ನು ಆನಿಕೆ ಯಾಕೆಂದು ಅವಳೇ ಗುದ್ದಲಿ ಹಾಕಿ ಮೀಟಿದ್ದಳು.

"ಬೆಳಗ್ಗೆ ಕೇಳ್ದಾಗ ಯಾರೂ ಮುಟ್ಟಿಲ್ಲ ಅಂದ್ಯಲ್ಲಕ್ಕ!"

"ಗಾಡೀನೆಲ್ಲಪ್ಪ ಮುಟ್ಟುದ್ವಿ? ಬೀಳ್ದಂಗೆ ಕಲ್ ಇಟ್ಟೋ. ಕೆಡ್ಸುದ್ರಾ ಅಂತ ಕೇಳ್ದೆ ನೀನು. ನಾವ್ ಕೆಡುಸ್ಲಿಲ್ವಲ್ಲ." ಆಮೇಲೆ ದನಿ ಇಳಿಸಿ, "ಅದ್ಕೇ ಒರಗ್ಕಂಡ್ ಟೀ ಕುಡುದ್ಯಲ್ಲ. ಗೊತ್ತದೆ ಅನ್ಕಂಡೆ," ಎಂದಳು.

ಕೈ ಸನ್ನೆಯಲ್ಲಿ ಹೆಂಡ್ರಿಕ್‌ಗೆ ತಿಳಿಸಿದೆ. ಅವನು ಕುಸಿದ ಕಲ್ಲುಗಳನ್ನೂ ಅವಳನ್ನೂ ನೋಡಿ, ಕೆಂಪಗೆ ಬಾತಿದ್ದ ಕೈಯನ್ನು ಇನ್ನೊಂದು ಕೈಗೆ ಸೇರಿಸಿ ನಮಸ್ಕಾರ ಮಾಡಿದ. ಕೋಣೆ ಒಳಗೆ ಹೋಯಿತು. ಈ ಸಲ ಗುಂಡಿ ಒತ್ತುವ ಮುಂಚೆ ಅವನು ಒಳಗೆಲ್ಲ ಒಂದು ಸುತ್ತು ಬಂದ, ನಾನು ಅವನ ಎದುರಿಗೇ ನಿಂತಿದ್ದರೂ. ಮೋಟಾರ್ ಹೋಮ್ ರಸ್ತೆಗೆ ಇಳಿಯಿತು. ಅದರ ಬೆನ್ನಿಗೇ ಟ್ರ್ಯಾಕ್ಟರು. ಸಂಜೆ ಸಿದ್ದರಾಜು ಅಂಗಡಿಗೆ ಬಂದು ಹೇಳಿದ: ತಳದ ಹೂವು ಸ್ವಲ್ಪ ಬೆಂದಿತ್ತಂತೆ, ಅದನ್ನು ಪಕ್ಕಕ್ಕೆ ಸುರಿಸಿ ಉಳಿದದ್ದನ್ನೆಲ್ಲ ಕಾರ್ಖಾನೆಯವರು ತೂಕಕ್ಕೆ ಹಾಕಿಕೊಂಡರಂತೆ.

ಹೆಂಡ್ರಿಕ್ ಹೊರಡುವಾಗ ಜೇಬಿನಿಂದ ಆ ತಾಮ್ರದ ತಂತಿ ತೆಗೆದು ನನ್ನ ಅಂಗೈಯಲ್ಲಿಟ್ಟಿದ್ದ. ನಾನು ಆಮೇಲೆ ಯಾವ ಗಾಡಿಗೂ ಡೈರೆಕ್ಟ್ ಕೊಡಲಿಲ್ಲ. ಕರೆಂಟು ಕಡಿಯುತ್ತಿದೆ ಎಂದರೆ ಎಲ್ಲೋ ಯಾರೋ ಸಿಕ್ಕಿಕೊಂಡಿರಬಹುದು ಎಂದೇ ನನ್ನ ಪಕ್ಕೆಲುಬು ತಿಳಿಯುತ್ತದೆ.

ಇನ್ನೊಂದು ಪಾಠವನ್ನು ಅಂಗಡಿ ಮುಚ್ಚುವ ತನಕ ಬಳಸಿದೆ. ಗಾಡಿ ಕೆಟ್ಟು ಬಂದಾಗ, ಇದನ್ನು ಯಾರು ಕೆಡಿಸಿದಿರಿ ಎಂದು ಕೇಳುವುದನ್ನು ಬಿಟ್ಟೆ. ಆ ಪ್ರಶ್ನೆಗೆ ಈ ತಾಲ್ಲೂಕಿನಲ್ಲಿ ಯಾರಿಂದಲೂ ಉತ್ತರ ಸಿಕ್ಕಿದ್ದಿಲ್ಲ. ಅದರ ಬದಲು, "ಇದಕ್ಕೆ ಯಾರ್ಯಾರು ಏನೇನು ಒಳ್ಳೇದು ಮಾಡಿದ್ರಿ?" ಎಂದು ಕೇಳತೊಡಗಿದೆ. ಆಗ ಡ್ರೈವರು, ಕ್ಲೀನರು, ಓನರನ ಭಾಮೈದ ಎಲ್ಲರೂ ನಾಮುಂದು ತಾಮುಂದು ಎಂದು ಹೇಳುತ್ತಿದ್ದರು. ಪೆಟ್ಟಿಗೆ ತೆರೆಯುವ ಮುಂಚೆಯೇ ಅರ್ಧ ರಿಪೇರಿ ಮುಗಿದಿರುತ್ತಿತ್ತು.