ಏಕಾದಶಿಯ ಗೋಳಿ

ಜೋಳ ಕೀಳುವುದರಲ್ಲಿ ದುಬಲಗುಂಡಿಯ ಗಂಗುಬಾಯಿಗೆ ಸರಿಸಾಟಿ ಯಾರೂ ಇರಲಿಲ್ಲ. ಸಾಲಿನ ಮುಂದೆ ಅವಳು, ಹಿಂದೆ ಉಳಿದ ಹೆಂಗಸರು. ಅಂಗೈಗೆ ಬೊಬ್ಬೆ ಬಂದರೂ ಸೊಂಟ ಹಿಡಿದರೂ ಅವಳು ನಿಲ್ಲುತ್ತಿರಲಿಲ್ಲ. ಹುಮನಾಬಾದದ ಸಂತೆಯಿಂದ ತಂದ ನೋವಿನ ಬಿಳಿ ಗುಳಿಗೆಗಳು, ಅವರ ಬಾಯಲ್ಲಿ ಗೋಳಿಗಳು, ಅವಳ ಹತ್ತಿರ ಯಾವಾಗಲೂ ಇರುತ್ತಿದ್ದವು. ಕೇಳಿದವರಿಗೆ ಕೊಡುತ್ತಿದ್ದಳು, ಕೇಳದವರಿಗೂ ಕೊಡುತ್ತಿದ್ದಳು. ಅದು ನಿಜಾಮರ ಕಾಲ. ದವಾಖಾನೆ ದೂರವಿತ್ತು, ಗೋಳಿ ಕಿರಾಣಿ ಅಂಗಡಿಯಲ್ಲೇ ಸಿಗುತ್ತಿತ್ತು. ಅದರಿಂದ ಕೆಟ್ಟದ್ದೂ ಆಗಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಮನೆಯವರು ವಿಠ್ಠಲನ ಭಕ್ತರು. ಗಂಗುಬಾಯಿಯ ಮೈದುನ ಪಂಡರಿಯ ಹೆಂಡತಿ ಸರುಬಾಯಿ ಏಕಾದಶಿಯ ದಿನ ನೀರು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಒಂದು ವರ್ಷ ಏಕಾದಶಿ ಜೋಳ ಕೀಳುವ ನಡುವೆಯೇ ಬಂತು. ಸರುಬಾಯಿ ಸೊಂಟದ ಮೇಲೆ ಕೈಯಿಟ್ಟು ಬದುವಿನ ಮೇಲೆ ಕುಳಿತಳು.

“ಏನವ್ವಾ, ಗೌಡಸಾನಿ ಆದೇನ? ನೀ ಕುಂತ್ರ ಜೋಳ ತಾವೇ ಎದ್ದು ಬರ್ತಾವೇನ?” ಎಂದಳು ಗಂಗುಬಾಯಿ.

“ಸೊಂಟ ಮುರದಂಗ ಆಗ್ಯಾದ ಅಕ್ಕಾ.”

“ತಗೋ, ಇವು ಎರಡು ನುಂಗು.”

“ಬ್ಯಾಡ ಅಕ್ಕಾ, ಇವತ್ತ ಉಪವಾಸ.”

“ಹುಚ್ಚಿ! ಇದೇನ್ ರೊಟ್ಟಿ ಅದನ? ಔಷಧದಿಂದ ಉಪವಾಸ ಮುರಿತದೇನ?”

ಹೆಂಗಸರು ನಕ್ಕರು. ಸರುಬಾಯಿ ನಾಚಿ, ಗೋಳಿ ನುಂಗಿ ಎದ್ದಳು. ಮಧ್ಯಾಹ್ನ ಅವಳ ಹೊಟ್ಟೆ ಉರಿಯತೊಡಗಿತು. ನೋವಿನ ಗೋಳಿ ಎಲ್ಲ ನೋವಿಗೂ ಆಗುತ್ತದೆ ಎಂದೇ ಗಂಗುಬಾಯಿ ತಿಳಿದಿದ್ದಳು. ಮತ್ತೆರಡು ಕೊಟ್ಟಳು.

ಮರುದಿನ ಬೆಳಿಗ್ಗೆ ಸರುಬಾಯಿ ರಕ್ತ ಕಾರಿದಳು. ಪಂಡರಿ ಬಂಡಿ ಹೂಡಿ ಅವಳನ್ನೂ ಗಂಗುಬಾಯಿಯನ್ನೂ ಹುಮನಾಬಾದದ ದವಾಖಾನೆಗೆ ಕರೆದೊಯ್ದ.

ಡಾಕ್ಟರ್ ಅಬ್ದುಲ್ ರಜಾಕ್ ನಾಡಿ ಹಿಡಿದು ಕೇಳಿದರು: “ನಿನ್ನೆ ಏನ್ ತಿಂದಾಳ?”

“ಏನೂ ಇಲ್ರಿ ಸಾಹೇಬ್ರ, ಏಕಾದಶಿ ಇತ್ತ್ರಿ,” ಎಂದ ಪಂಡರಿ.

“ಯಾವದರೆ ಗೋಳಿ ನುಂಗ್ಯಾಳೇನು? ಖರೇ ಹೇಳ್ರಿ. ಗೊತ್ತಿಲ್ದ ನಾನೂ ಅದನ್ನೇ ಕೊಟ್ರ ಜೀವ ಹೋಗ್ತದ.”

ಗಂಗುಬಾಯಿ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಸರುಬಾಯಿಯೇ ಸಣ್ಣ ದನಿಯಲ್ಲಿ, “ಸೊಂಟದ ನೋವಿಗೆ ನುಂಗೀನ್ರಿ. ನಾನೇ ಕೇಳಿ ತಗೊಂಡಿದ್ದೆ,” ಎಂದಳು.

ಸರುಬಾಯಿ ಬಯ್ದಿದ್ದರೆ ಗಂಗುಬಾಯಿ ತಡೆದುಕೊಳ್ಳುತ್ತಿದ್ದಳು, ಇದನ್ನು ತಡೆದುಕೊಳ್ಳಲಾಗಲಿಲ್ಲ.

“ಸುಳ್ಳ್ರಿ!” ಎಂದಳು. “ಆಕಿ ಬ್ಯಾಡ ಅಂದಿದ್ಲು. ನಗ್ಯಾಡಿ ನುಂಗಿಸಿದಾಕಿ ನಾನು. ಹೊಟ್ಟಿ ಉರಿತದ ಅಂದಾಗ ಮತ್ತ ಎರಡು ಕೊಟ್ಟೀನಿ.”

“ಖಾಲಿ ಹೊಟ್ಯಾಗ! ಹೊಟ್ಟಿ ಒಳಗ ಗಾಯ ಮಾಡೇದ ಅದು,” ಎಂದರು ಡಾಕ್ಟರು. “ಇನ್ನ ಒಂದೂ ಕೊಡಬ್ಯಾಡ್ರಿ.” ಬೇರೆ ಔಷಧ ಕುಡಿಸಿ, ಸರುಬಾಯಿಯನ್ನು ದವಾಖಾನೆಯಲ್ಲೇ ಉಳಿಸಿಕೊಂಡರು.

ಸರುಬಾಯಿ ಬದುಕಿದಳು. ಅವಳನ್ನು ಊರಿಗೆ ಕರೆದೊಯ್ಯುವ ದಿನ ಗಂಗುಬಾಯಿ ಬಂಡಿಯ ಹಿಂದೆ ನಡೆಯತೊಡಗಿದಳು. ಹತ್ತಲು ಅವಳಿಗೆ ಮುಖವಿರಲಿಲ್ಲ. ಅತ್ತಿಗೆಯೊಂದಿಗೆ ಅಲ್ಲಿಯ ತನಕ ಮಾತು ಬಿಟ್ಟಿದ್ದ ಪಂಡರಿ ಎತ್ತು ನಿಲ್ಲಿಸಿದ.

“ಹತ್ತು ವೈನಿ,” ಎಂದ, ತಿರುಗಿ ನೋಡದೆ. “ದಾರಿ ಕೆಟ್ಟ ಅದ. ಆಕಿ ತಲಿ ತೊಡಿ ಮ್ಯಾಲ ಹಿಡ್ಕೊಂಡು ಕೂಡು.”

ಊರು ಬರುವ ತನಕ ಗಂಗುಬಾಯಿ ಹಿಡಿದು ಕುಳಿತಳು. ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.